ಸಾಹೇಬರ ಮಾರ್ಚು

"ಹೇಳಿದೀಯ ತಾನೆ ಅವರಿಗೆ?" ಎಂದು ಕೇಶವಮೂರ್ತಿ ಕೇಳಿದರು.

"ಹೇಳಿದೀನಿ ಅಂಕಲ್," ಎಂದ ಧೀರಜ್.

ಹೇಳಿರಲಿಲ್ಲ. ಹೇಳುವುದಕ್ಕೆ ನಾಲ್ಕು ದಿನ ಸಿಕ್ಕಿದ್ದವು. ಆ ನಾಲ್ಕು ದಿನದಲ್ಲಿ ಬ್ಯಾಂಡ್‌ಮಾಸ್ಟರ್ ಗ್ರೇಮ್‌ನನ್ನು ಎರಡು ಸಲ ಕಂಡಿದ್ದ, ಮೂರು ಸಲ ಫೋನ್ ಮಾಡಿದ್ದ. ಐದೂ ಸಲ ಚಳಿಯ ಬಗ್ಗೆ ಮಾತಾಡಿ ಮುಗಿಸಿದ್ದ. ಈಗ ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಕ್ರೈಸ್ಟ್‌ಚರ್ಚ್‌ನ ಹೊರವಲಯದ ಚಿತಾಗಾರದ ಗೇಟಿನಲ್ಲಿ ಹುಲ್ಲಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಕೆಂಪು ಕೋಟಿನ ಇಪ್ಪತ್ತೆರಡು ಜನ ಸಾಲಾಗಿ ನಿಂತು ಕಾರ್ನೆಟ್, ಟ್ರಾಂಬೋನುಗಳೊಳಗೆ ಬಿಸಿಯುಸಿರು ಊದಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಅವರ ನಡುವೆ ಕಂದು ಬಣ್ಣದವನು ಧೀರಜ್ ಒಬ್ಬನೇ. ಕಳೆದ ತಿಂಗಳವರೆಗೆ ಇಬ್ಬರಿದ್ದರು. ಎರಡನೆಯವನು, ದೊಡ್ಡ ಡ್ರಮ್ ಬಾರಿಸುತ್ತಿದ್ದ ಶ್ರೀವತ್ಸ, ಹಿಂದೆ ನಿಂತಿದ್ದ ಕಪ್ಪು ಕಾರಿನೊಳಗೆ ಪೆಟ್ಟಿಗೆಯಲ್ಲಿದ್ದ.

ಶ್ರೀವತ್ಸನಿಗೆ ಮೂವತ್ತೊಂದು ವರ್ಷ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಗೊತ್ತಾದದ್ದು ಮೇ ತಿಂಗಳಲ್ಲಿ, ಸತ್ತದ್ದು ಇಲ್ಲಿನ ನಡುಚಳಿಗಾಲದಲ್ಲಿ, ಜುಲೈ ಮೊದಲ ಭಾನುವಾರ. ಅವನ ತಾಯಿ ಜಯಮ್ಮನಿಗೆ ವೀಸಾ ಸಿಕ್ಕಿ ಮೈಸೂರಿನಿಂದ ಬರುವಷ್ಟರಲ್ಲಿ ಶುಕ್ರವಾರವಾಗಿತ್ತು.

"ಸರಿಯಾಗಿ ಕೇಳ್ಕೋ," ಎಂದರು ಕೇಶವಮೂರ್ತಿ. ಊರಿನ ಕನ್ನಡದವರಲ್ಲಿ ಅವರೇ ಹಿರಿಯರು. ಪುರೋಹಿತರಿಲ್ಲದ ಕಡೆ ಮಂತ್ರ ಹೇಳುವವರೂ ಅವರೇ. ಪಂಚೆಯ ಮೇಲೆ ದಪ್ಪ ಜಾಕೆಟ್ ಹಾಕಿ, ಸಾಕ್ಸಿನ ಮೇಲೆ ಚಪ್ಪಲಿ ಮೆಟ್ಟಿದ್ದರು. "ಬರ್ತಾ ಅದೇನೋ ನಿಧಾನವಾಗಿ ಬಾರಿಸ್ತೀರಂತಲ್ಲ, ಅದು ಬಾರಿಸ್ಕೊಳ್ಳಿ. ಗಂಭೀರವಾಗಿರತ್ತೆ, ಬೇಡ ಅನ್ನಲ್ಲ. ವಾಪಸ್ ಹೋಗ್ತಾ ಆ ಕುಣಿಯೋ ಟ್ಯೂನ್ ಮಾತ್ರ ಬೇಡ. ಆ ತಾಯಿ ಎದುರಿಗೆ ಅದನ್ನ ಬಾರಿಸಿದ್ರೆ ನಾನಂತೂ ಸುಮ್ನಿರಲ್ಲ."

"ಇಲ್ಲ ಅಂಕಲ್. ಬಾರಿಸಲ್ಲ."

ಅವರು ಧೀರಜ್ ತೂಗುಹಾಕಿಕೊಂಡಿದ್ದ ಚಿಕ್ಕ ಸೈಡ್ ಡ್ರಮ್ಮಿಗೆ ಸುತ್ತಿದ್ದ ಕಪ್ಪು ಬಟ್ಟೆಯನ್ನೊಮ್ಮೆ ನೋಡಿ, ಅದು ಸರಿಯಾಗಿದೆ ಎಂಬಂತೆ ತಲೆಯಾಡಿಸಿ ಹೋದರು.

ಸೈನ್ಯದ ಬ್ಯಾಂಡುಗಳಲ್ಲಿ ಇದು ಹಳೆಯ ಪದ್ಧತಿ. ಹೆಣದ ಮುಂದೆ ಹೋಗುವಾಗ ಡ್ರಮ್ಮಿಗೆ ಕಪ್ಪು ಬಟ್ಟೆ, ಕಾಲೆಳೆಯುವ ನಡಿಗೆ, ಅಳುವ ರಾಗ. ಮಣ್ಣು ಮಾಡಿ ಹೊರಟ ಕೂಡಲೇ ಬಟ್ಟೆ ಬಿಚ್ಚಿ, ನಿಮಿಷಕ್ಕೆ ನೂರಿಪ್ಪತ್ತು ಹೆಜ್ಜೆಯ ಮಾರ್ಚು. ಗ್ರೇಮ್ ಮೂವತ್ತು ವರ್ಷ ಸೈನ್ಯದ ಬ್ಯಾಂಡಿನಲ್ಲಿದ್ದವನು. ಅವನ ವಿವರಣೆ ಚಿಕ್ಕದು: ಜ್ವರದ ಊರುಗಳಲ್ಲಿ ದಿನಕ್ಕೆ ಮೂವರು ಸಿಪಾಯಿಗಳನ್ನು ಹೂಳುತ್ತಿದ್ದರು, ಉಳಿದವರು ಅಳುತ್ತಾ ಬ್ಯಾರಕ್ಕಿಗೆ ಬಂದರೆ ಮಾರನೆಯ ದಿನ ಕವಾಯತಿಗೆ ಯಾರೂ ಏಳುವುದಿಲ್ಲ, ಅದಕ್ಕೆ. ಆ ಮಾರ್ಚು ಯಾವುದಾದರೂ ಆಗಬಹುದು. ಇವತ್ತು ಯಾವುದೆಂದು ಶ್ರೀವತ್ಸನೇ ಹೇಳಿ ಹೋಗಿದ್ದ. ಕೇಶವಮೂರ್ತಿಗೆ ಗೊತ್ತಿಲ್ಲದ್ದು ಅದು. ಶ್ರೀವತ್ಸನ ಹೆಂಡತಿ ವಂದನಾಗೂ ಗೊತ್ತಿರಲಿಲ್ಲ.

ಜೂನ್‌ನ ಒಂದು ಮಂಗಳವಾರ ಆಸ್ಪತ್ರೆಯಲ್ಲಿ ಅವನ ಹಾಸಿಗೆಯ ಬಳಿ ಧೀರಜ್ ಮತ್ತು ಗ್ರೇಮ್ ಇಬ್ಬರೇ ಇದ್ದರು. ವಂದನಾ ಹೊರಗೆ ಹೋಗಿದ್ದಳು. ಅವಳಿದ್ದಾಗ ಆ ಕೋಣೆಯಲ್ಲಿ ಸಾವು ಅನ್ನುವ ಮಾತು ಯಾವ ಭಾಷೆಯಲ್ಲೂ ಬರುವಂತಿರಲಿಲ್ಲ. ಯಾರಾದರೂ ಸ್ವಲ್ಪ ಮೆತ್ತಗೆ ಮಾತಾಡಿದರೂ ಬೈದು ಹೊರಗೆ ಕಳಿಸುತ್ತಿದ್ದಳು. ಮೈಸೂರಿನಲ್ಲಿ ಹರಕೆ, ಆಕ್ಲೆಂಡಿನಿಂದ ಹೋಮಿಯೋಪತಿ ಗುಳಿಗೆ, ಡಿಸೆಂಬರಿನಲ್ಲಿ ಊರಿಗೆ ಹೋಗಲು ಟಿಕೆಟ್. ಎಲ್ಲವೂ ನಡೆದಿತ್ತು. ಶ್ರೀವತ್ಸ ಅವಳೆದುರು ಟಿಕೆಟ್ಟಿನ ಮಾತನ್ನೇ ಆಡುತ್ತಿದ್ದ. ಅವಳು ಬಾಗಿಲು ದಾಟಿದ ಕೂಡಲೇ ಗ್ರೇಮ್‌ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ನನ್ನ ಹೆಣದ ಮುಂದೆ ಬ್ಯಾಂಡ್ ಬರಬೇಕು. ವಾಪಸು ಹೋಗುವಾಗ ಇಪ್ಪತ್ತಾರನೇ ಕಾರ್ಡು," ಎಂದ.

ಬ್ಯಾಂಡಿನ ಮಾರ್ಚುಗಳೆಲ್ಲ ಅಂಗೈಯಗಲದ ಕಾರ್ಡುಗಳಲ್ಲಿರುತ್ತವೆ, ವಾದ್ಯಕ್ಕೇ ಸಿಕ್ಕಿಸಿಕೊಂಡು ನಡೆಯುವುದಕ್ಕೆ. ಇಪ್ಪತ್ತಾರನೆಯದಕ್ಕೆ ಇಂಗ್ಲಿಷಿನಲ್ಲಿ ಬೇರೆ ಹೆಸರಿತ್ತು. ಅವರಿಬ್ಬರೂ ಅದನ್ನು ಸಾಹೇಬರ ಮಾರ್ಚು ಅನ್ನುತ್ತಿದ್ದರು. ಮೈಸೂರಿನ ಕಾಲೇಜಿನ ಎನ್‌ಸಿಸಿ ಬ್ಯಾಂಡಿನಲ್ಲಿ ಹವಾಲ್ದಾರ್ ತಿಪ್ಪೇಸ್ವಾಮಿ ಬಾಯಲ್ಲೇ ಡ್ರ್‌ರ್ರ ಡಂ ಎಂದು ಹೇಳಿಕೊಟ್ಟ ಟ್ಯೂನು. ಕಮಾಂಡಿಂಗ್ ಆಫೀಸರ್ ತಪಾಸಣೆಗೆ ಬಂದಾಗ ಮಾತ್ರ ಬಾರಿಸುವುದು, ಅದಕ್ಕೆ ಆ ಹೆಸರು. ಇಲ್ಲಿಗೆ ಓದಲು ಬಂದ ಮೊದಲ ವರ್ಷ, ಒಂದು ಮೆರವಣಿಗೆಯಲ್ಲಿ ಅದೇ ಟ್ಯೂನು ಕೇಳಿ ಇಬ್ಬರೂ ರಿಕ್ಕರ್ಟನ್ ಬೀದಿಯಲ್ಲಿ ನಿಂತುಬಿಟ್ಟಿದ್ದರು. ಮುಂದಿನ ವಾರ ಹೋಗಿ ಬ್ಯಾಂಡಿಗೆ ಸೇರಿದ್ದರು.

ಶ್ರೀವತ್ಸನಿಗೆ ಯಾವುದನ್ನೂ ಬುಡ ಕೆದಕದೆ ಬಿಡುವ ಅಭ್ಯಾಸವಿರಲಿಲ್ಲ. ಲೈಬ್ರರಿಯಲ್ಲಿ ಕೂತು ಆ ಟ್ಯೂನಿನ ಜಾತಕ ತೆಗೆದಿದ್ದ. ಮುನ್ನೂರು ವರ್ಷ ಹಳೆಯದು, ಕಟ್ಟಿದವನು ಯಾರೆಂದು ಯಾರಿಗೂ ಗೊತ್ತಿಲ್ಲ, ಮೊದಲು ಬರೀ ಕೊಳಲು ಮತ್ತು ಡ್ರಮ್ಮಿನಲ್ಲಿತ್ತು, ಹಿತ್ತಾಳೆಯ ವಾದ್ಯಗಳು ಸೇರಿದ್ದು ಎಷ್ಟೋ ಆಮೇಲೆ.

"ಕೆಂಪಂಗಿಯವರು ಇದನ್ನ ಬಾರಿಸ್ಕೊಂಡೇ ಶ್ರೀರಂಗಪಟ್ಟಣಕ್ಕೆ ಬಂದಿರ್ಬೇಕು, ಬಾರಿಸ್ಕೊಂಡೇ ಇಲ್ಲಿನ ಮೂಲಜನ ಮಾವೊರಿಗಳ ಮೇಲೂ ಬಿದ್ದಿರ್ಬೇಕು," ಎಂದಿದ್ದ ಆಸ್ಪತ್ರೆಯಲ್ಲಿ. "ಕಳ್ ನನ್ಮಕ್ಳು. ಟ್ಯೂನ್ ಮಾತ್ರ ಚೆನ್ನಾಗಿದೆ ಕಣೋ."

"ವಂದನಾಗೆ ಹೇಳ್ಬೇಡ್ವೇನೋ ಇದನ್ನ?" ಎಂದು ಧೀರಜ್ ಕೇಳಿದ್ದ.

"ನಾನು ಹೇಳ್ತೀನಿ ಬಿಡು."

ಹೇಳಲಿಲ್ಲ. ಹನ್ನೆರಡು ದಿನಕ್ಕೆ ಸತ್ತ.

ಸತ್ತ ಮೇಲೆ ಧೀರಜ್ ಅವಳ ಮನೆಗೆ ಹೋದಾಗ ಕೇಶವಮೂರ್ತಿ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು. ಧೀರಜ್ ಮಾರ್ಚಿನ ವಿಷಯ ತೆಗೆದ. ಶ್ರೀವತ್ಸ ಕೇಳಿದ್ದು ಎನ್ನಲಿಲ್ಲ, ಬ್ಯಾಂಡಿನವರ ಪದ್ಧತಿ ಎಂದ. ವಂದನಾ ಗೋಡೆಗೆ ಒರಗಿ ಕೂತಿದ್ದಳು. ಗಂಡ ಸಾಯುವ ಮಾತನ್ನು ನಿನಗೆ ಹೇಳದೆ ನಮಗೆ ಹೇಳಿದ ಎಂದು ಆ ಮುಖಕ್ಕೆ ಹೇಳುವ ಧೈರ್ಯ ಅವನಿಗಿರಲಿಲ್ಲ.

"ಇದೇನು ಮದುವೆ ದಿಬ್ಬಣವೇನಪ್ಪಾ?" ಎಂದಿದ್ದರು ಕೇಶವಮೂರ್ತಿ.

"ನಾವೂ ಸ್ಮಶಾನದಿಂದ ಹಿಂದೆ ತಿರುಗಿ ನೋಡದೆ ಬರ್ತೀವಲ್ಲ ಅಂಕಲ್. ಅದೇ ಥರ."

"ಹಿಂದೆ ನೋಡ್ಬಾರ್ದು ಅಂದ್ರೆ ಕುಣ್ಕೊಂಡು ಬಾ ಅಂತಲ್ಲ. ಬೇಡ ಅಂತ ಹೇಳು ಅವರಿಗೆ."

"ಆಯ್ತು ಅಂಕಲ್."

ಮಾರನೆಯ ದಿನ ಗ್ರೇಮ್ ತಾನೇ ಫೋನ್ ಮಾಡಿ, ಮನೆಯವರ ಒಪ್ಪಿಗೆ ಇದೆಯಲ್ಲ ಎಂದು ಕೇಳಿದ. ಇದೆ ಎಂದ ಧೀರಜ್. ಐದು ವರ್ಷದಿಂದ ಅವನು ಮಾಡುತ್ತಿದ್ದದ್ದು ಇದನ್ನೇ. ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ, ಮೂಲೆಗಳನ್ನು ಉಜ್ಜಿ ನುಣ್ಣಗೆ ಮಾಡಿ ದಾಟಿಸುವುದು. ಕನ್ನಡ ಸಂಘದ ಯುಗಾದಿಗೆ ಬ್ಯಾಂಡಿನವರನ್ನು ಕರೆದಾಗ ಎರಡೂ ಕಡೆಯವರು ಅವನನ್ನು ಬಹಳ ಹೊಗಳಿದ್ದರು.

ಗ್ರೇಮ್ ಕೋಲೆತ್ತಿದ. ಧೀರಜ್ ಡ್ರಮ್ಮಿನ ಅಡಿಯ ತಂತಿಗಳನ್ನು ಸಡಿಲಿಸಿದ್ದ. ಹಾಗೆ ಮಾಡಿದರೆ ಅದರ ಸದ್ದು ಮುಚ್ಚಿದ ಕೋಣೆಯೊಳಗಿಂದ ಬಂದಂತೆ ಮಂಕಾಗುತ್ತದೆ. ನಿಧಾನದ ಮಾರ್ಚು ಶುರುವಾಯಿತು. ಎಪ್ಪತ್ತು ದಾಟಿದ ಹಳಬನೊಬ್ಬ ಶ್ರೀವತ್ಸನ ದೊಡ್ಡ ಡ್ರಮ್ ಹೊತ್ತಿದ್ದ. ಗೇಟಿನಿಂದ ಚಿತಾಗಾರದ ಹಾಲಿಗೆ ಮುನ್ನೂರು ಮೀಟರ್, ಒಂದೇ ಕಾರು ಹಿಡಿಸುವ ದಾರಿ, ಎರಡೂ ಬದಿಗೆ ಒತ್ತಾದ ಬೇಲಿ. ಬ್ಯಾಂಡು ಮುಂದೆ, ಕಪ್ಪು ಕಾರು ಹಿಂದೆ, ಅದರ ಹಿಂದೆ ಹದಿನಾಲ್ಕು ಕಾರು. ಹಾಲಿನ ಬಾಗಿಲಲ್ಲಿ ಜಯಮ್ಮ ಇಳಿದು ಬ್ಯಾಂಡಿನವರಿಗೆ ಕೈ ಮುಗಿದರು. ಧೀರಜ್ ನೆಲ ನೋಡಿದ.

ಒಳಗೆ ನಡೆದದ್ದು ಅರ್ಧ ಗಂಟೆ. ಇನ್ನೊಂದು ಹೆಣ ಹನ್ನೊಂದಕ್ಕೆ ಬರುವುದಿತ್ತು. ಕೇಶವಮೂರ್ತಿ ಮಂತ್ರ ಹೇಳಿ, ಬಾಯಿಗೆ ಅಕ್ಕಿ ಹಾಕಿಸಿ, ಗುಂಡಿ ಒತ್ತಲು ಗಂಡಸರು ಯಾರಾದರೂ ಬನ್ನಿ ಎಂದರು. ವಂದನಾ ಎದ್ದು ಹೋಗಿ ತಾನೇ ಒತ್ತಿದಳು. ಪೆಟ್ಟಿಗೆ ಸರಿದು ಹೋಯಿತು. ಧೀರಜ್ ಬಾಗಿಲ ಬಳಿ ನಿಂತು ಇಷ್ಟನ್ನೂ ನೋಡಿದ, ಆದರೆ ಅವನ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ. ಬ್ಯಾಂಡಿನಲ್ಲಿ ಸೈಡ್ ಡ್ರಮ್ ಅವನದೊಂದೇ. ಅವನ ಡ್ರ್‌ರ್ರ ಎನ್ನುವ ಎರಡು ರೋಲ್ ಕೇಳದೆ ಯಾರೂ ತುಟಿಗೆ ವಾದ್ಯ ಇಡುವುದಿಲ್ಲ. ಕೋಲು ಕೈಜಾರಿತು ಎನ್ನಬಹುದು. ಮೈ ಸರಿಯಿಲ್ಲ ಎನ್ನಬಹುದು. ಚಳಿಗೆ ಡ್ರಮ್ಮಿನ ಚರ್ಮ ಕೆಟ್ಟಿದೆ ಎಂದರೆ ಗ್ರೇಮ್ ನಂಬುವುದಿಲ್ಲ, ಅದು ಪ್ಲಾಸ್ಟಿಕ್ಕು.

ಹೊರಗೆ ಬ್ಯಾಂಡು ಮತ್ತೆ ಸಾಲು ಕಟ್ಟಿತು, ಈ ಸಲ ಗೇಟಿನ ಕಡೆ ಮುಖ ಮಾಡಿ. ಜನ ಕಣ್ಣೊರೆಸಿಕೊಳ್ಳುತ್ತಾ ಕಾರುಗಳ ಬಳಿ ನಿಂತಿದ್ದರು.

"ಬಟ್ಟೆ ಬಿಚ್ಚಿ," ಎಂದು ಗ್ರೇಮ್ ಕೂಗಿದ.

ಹಳಬ ದೊಡ್ಡ ಡ್ರಮ್ಮಿನ ಬಟ್ಟೆ ಬಿಚ್ಚಿ ಮಡಿಸಿ ಕೋಟಿನೊಳಗೆ ಇಟ್ಟುಕೊಂಡ. ಧೀರಜ್ ಗಂಟಿಗೆ ಕೈ ಹಾಕಿ ಹಾಗೇ ನಿಂತ.

"ಗಂಟು ಬಿಗಿಯಾಗಿದೆ," ಎಂದ.

"ಕುಯ್ಯಿ," ಎಂದ ಗ್ರೇಮ್, ಜೇಬಿನಿಂದ ಚಾಕು ತೆಗೆದು ಕೊಡುತ್ತಾ. "ಮುಂದಿನವರು ಗೇಟಿಗೆ ಬಂದಾಗಿದೆ."

ಅಷ್ಟರಲ್ಲಿ ಕೇಶವಮೂರ್ತಿ ಪಂಚೆ ಎತ್ತಿಕೊಂಡು ಬರುತ್ತಿದ್ದರು. ದೊಡ್ಡ ಡ್ರಮ್ ಬರಿದಾಗಿದ್ದನ್ನು ಅವರು ದೂರದಿಂದಲೇ ಕಂಡಿದ್ದರು. ಧೀರಜ್‌ನನ್ನು ದಾಟಿ ನೇರ ಗ್ರೇಮ್‌ನ ಎದುರು ನಿಂತರು.

"ಕ್ಷಮಿಸಿ," ಎಂದರು ಇಂಗ್ಲಿಷಿನಲ್ಲಿ. "ಇನ್ನು ಸಂಗೀತ ಬೇಡ ಎಂದು ಮನೆಯವರು ಹೇಳಿ ಕಳಿಸಿದ್ದಾರೆ."

ಗ್ರೇಮ್ ಗೊಂದಲದಿಂದ ಧೀರಜ್‌ನ ಕಡೆ ನೋಡಿದ. "ಮನೆಯವರು ಒಪ್ಪಿದ್ದಾರೆ ಎಂದು ಇವನು ಹೇಳಿದ್ದ."

"ಇಲ್ಲವೇ ಇಲ್ಲ."

"ನೋಡಿ ಸರ್, ಇದು ನಮ್ಮ ಇಷ್ಟವಲ್ಲ. ಶ್ರೀ ಕೇಳಿದ್ದು. ಆಸ್ಪತ್ರೆಯಲ್ಲಿ, ನನ್ನನ್ನೇ ನೋಡುತ್ತಾ ಕೇಳಿದ. ಧೀರಜ್ ಪಕ್ಕದಲ್ಲೇ ಇದ್ದ."

ಗ್ರೇಮ್ ಮೆತ್ತಗೆ ಮಾತಾಡಲು ಬಾರದ ಮನುಷ್ಯ. ಮಾತು ಕಾರುಗಳವರೆಗೂ ಹೋಯಿತು. ವಂದನಾ ಕಾರಿನ ಬಾಗಿಲು ಹಿಡಿದವಳು ಕೈ ಬಿಟ್ಟಳು. ಬಿಳಿ ಸೀರೆಯ ಮೇಲೆ ಶ್ರೀವತ್ಸನ ಸ್ವೆಟರ್ ತೊಟ್ಟಿದ್ದಳು. ಬಂದು ಧೀರಜ್‌ನ ಡ್ರಮ್ಮಿಗೆ ತಾಗುವಷ್ಟು ಹತ್ತಿರ ನಿಂತಳು.

"ಏನು ಕೇಳಿದ್ದ ಅವನು?"

"ವಂದನಾ, ಆಮೇಲೆ ಮಾತಾಡೋಣ."

"ಈಗ ಹೇಳು."

"ವಾಪಸ್ ಹೋಗ್ತಾ ಸಾಹೇಬರ ಮಾರ್ಚು ಬಾರಿಸ್ಬೇಕು ಅಂತ."

"ಯಾವತ್ತು?"

"ಜೂನ್ ಇಪ್ಪತ್ತು. ನೀನು ಔಷಧಿ ತರೋಕೆ ಹೋಗಿದ್ದೆ."

"ಔಷಧಿ ತರೋಕಲ್ಲ. ಕೆಳಗೆ ಕ್ಯಾಂಟೀನಲ್ಲಿ ಅಳ್ತಾ ಕೂತಿದ್ದೆ. ಅವನಿಗೆ ಕಾಣಬಾರ್ದು ಅಂತ."

"ಅವನೂ ಅದಕ್ಕೇ ನಿನಗೆ..."

"ಅವನ ಪರ ನೀನು ಮಾತಾಡ್ಬೇಡ." ಅವಳ ದನಿ ಏರಲಿಲ್ಲ. "ಸಾಯ್ತೀನಿ ಅಂತ ಅವನಿಗೆ ಗೊತ್ತಿತ್ತು. ನಿನಗೆ ಗೊತ್ತಿತ್ತು. ಈ ಬಿಳಿಯನಿಗೂ ಗೊತ್ತಿತ್ತು. ನಾನೊಬ್ಬಳು ಡಿಸೆಂಬರ್ ಟಿಕೆಟ್ ತೋರಿಸ್ಕೊಂಡು ಕೂತಿದ್ದೆ. ಆಮೇಲಾದ್ರೂ ಹೇಳ್ಬಹುದಿತ್ತಲ್ವಾ? ಆರು ದಿನದಿಂದ ನಮ್ಮನೇಲಿ ತಿಂದ್ಕೊಂಡು ಓಡಾಡ್ಕೊಂಡಿದ್ದೆಯಲ್ಲ?"

ಕೆಂಪು ಕೋಟಿನವರು ಭಾಷೆ ತಿಳಿಯದಿದ್ದರೂ ವಿಷಯ ತಿಳಿದವರಂತೆ ಎದುರಿನವನ ಬೆನ್ನು ನೋಡುತ್ತಾ ನಿಂತಿದ್ದರು.

"ವಂದನಾ, ಬಾಮ್ಮ, ಕಾರಿಗೆ ಹೋಗೋಣ," ಎಂದರು ಕೇಶವಮೂರ್ತಿ. "ಏನೇ ಆದ್ರೂ ಇಲ್ಲಿ ಅದೆಲ್ಲ ಬೇಡ. ಕಾಯಿಲೆಯವರು ಏನೇನೋ ಅಂದಿರ್ತಾರೆ."

ಅವಳು ಅವರ ಕಡೆ ನೋಡಲೂ ಇಲ್ಲ. "ಅಲ್ಲಿ ಹೋಗಿ ಎಲ್ಲರಿಗೂ ಹೇಳು," ಎಂದಳು ಧೀರಜ್‌ಗೆ. "ಕನ್ನಡದಲ್ಲಿ ಹೇಳು. ಅತ್ತೆಗೆ ಅರ್ಥ ಆಗೋ ಹಾಗೆ. ನೀನು ಮುಚ್ಚಿಟ್ಟಿದ್ದನ್ನೂ ಸೇರಿಸಿ ಹೇಳು."

ಕಾರುಗಳವರೆಗೆ ಇಪ್ಪತ್ತು ಹೆಜ್ಜೆ. ಡ್ರಮ್ ತೊಡೆಗೆ ಬಡಿಯುತ್ತಿತ್ತು. ನಲವತ್ತು ಜನ ಅವನತ್ತ ತಿರುಗಿದರು. ಅವರಲ್ಲಿ ಮುಕ್ಕಾಲು ಪಾಲು ಜನರ ಮನೆಯಲ್ಲಿ ಅವನು ಊಟ ಮಾಡಿದ್ದ. ಅವನು ಜಯಮ್ಮನನ್ನೇ ನೋಡುತ್ತಾ ಹೇಳಿದ.

"ಈಗ ಒಂದು ಮಾರ್ಚು ಬಾರಿಸೋದಿದೆ. ಜೋರಾಗಿರತ್ತೆ, ಖುಷಿಯಾಗಿರೋ ಟ್ಯೂನು. ಅದನ್ನ ಬಾರಿಸಿ ಅಂತ ಶ್ರೀವತ್ಸನೇ ಕೇಳಿದ್ದ. ನನಗೆ ಗೊತ್ತಿತ್ತು, ವಂದನಾಗೆ ಹೇಳ್ಲಿಲ್ಲ. ಬಾರಿಸಲ್ಲ ಅಂತ ಕೇಶವಮೂರ್ತಿ ಅಂಕಲ್‌ಗೆ ಸುಳ್ಳು ಹೇಳಿದೆ. ನೀವೆಲ್ಲ ಒಪ್ಪಿದೀರಿ ಅಂತ ಬ್ಯಾಂಡಿನವರಿಗೂ ಸುಳ್ಳು ಹೇಳಿದೆ."

ಯಾರೋ ಥೂ ಎಂದರು. ಯಾರೆಂದು ಕಾಣಲಿಲ್ಲ.

"ಬೇರೆ ಏನಾದ್ರೂ ಹೇಳಿದ್ನೇನಪ್ಪಾ?" ಎಂದು ಜಯಮ್ಮ ಕೇಳಿದರು. "ನನಗೆ ಏನಾದ್ರೂ?"

ಒಂದು ಒಳ್ಳೆಯ ಮಾತು ಧೀರಜ್‌ನ ನಾಲಗೆಯ ತುದಿಗೇ ಬಂದಿತ್ತು. ಅಮ್ಮನನ್ನು ಚೆನ್ನಾಗಿ ನೋಡ್ಕೋ ಎಂದಿದ್ದ ಎಂದರೆ ಆಗುತ್ತಿತ್ತು. ಯಾರಿಗೂ ನಷ್ಟವಿರಲಿಲ್ಲ.

"ಇಲ್ಲ ಅಮ್ಮ. ಟ್ಯೂನಿನ ವಿಷಯ ಅಷ್ಟೇ ಮಾತಾಡಿದ್ದು."

ಜಯಮ್ಮ ಸೆರಗನ್ನು ಭುಜಕ್ಕೆ ಎಳೆದುಕೊಂಡರು. "ಅಷ್ಟು ದೂರದಿಂದ ಬಂದೆ ನಾನು," ಎಂದು ಹೇಳಿ ಕಾರಿನೊಳಗೆ ಕೂತರು.

ಕೇಶವಮೂರ್ತಿ ವಂದನಾಳ ಕಡೆ ನೋಡಿದರು. "ಏನಮ್ಮಾ, ಹೇಳು. ನಿಲ್ಲಿಸ್ಲಾ?"

"ಬಾರಿಸ್ಕೊಳ್ಳಲಿ," ಎಂದಳು. "ಕೇಳಿದ್ದಾನಲ್ಲ, ಅವರನ್ನ. ಅವರು ಮಾಡ್ಲಿ." ಅವಳೂ ಹೋಗಿ ಅತ್ತೆಯ ಪಕ್ಕ ಕೂತು ಬಾಗಿಲು ಎಳೆದುಕೊಂಡಳು.

ಧೀರಜ್ ಸಾಲಿಗೆ ಮರಳಿದ. ಗಂಟು ಬಿಗಿಯಾಗಿಯೇನೂ ಇರಲಿಲ್ಲ, ಎಳೆದ ಕೂಡಲೇ ಬಿಚ್ಚಿತು. ಬಟ್ಟೆಯನ್ನು ಜೇಬಿಗೆ ತುರುಕಿ, ತಂತಿ ಬಿಗಿಸುವ ಸನ್ನೆ ಮೇಲೆತ್ತಿದ. ಬೆರಳುಗಳು ಮರಗಟ್ಟಿದ್ದವು. ಗ್ರೇಮ್ ಪ್ರಶ್ನೆ ಕೇಳದೆ ಕೋಲೆತ್ತಿದ.

ಮೊದಲ ರೋಲ್ ಒಡೆದು ಬಂತು. ಎರಡನೆಯದು ಸರಿಯಾಯಿತು. ಕಾರ್ನೆಟ್ಟುಗಳು ಎದ್ದವು.

ಬೆಳಗಿನ ಚಳಿಯಲ್ಲಿ ಆ ಸದ್ದು ನಾಚಿಕೆಯಾಗುವಷ್ಟು ಜೋರಾಗಿತ್ತು. ಬೇಲಿಯ ಆಚೆ ಯಾರೋ ಕೆಲಸ ನಿಲ್ಲಿಸಿ ನೋಡಿದರು. ಧೀರಜ್ ಎಡಗಾಲು ಮುಂದಿಟ್ಟ. ಇಪ್ಪತ್ತು ಹೆಜ್ಜೆ ಹೋದ ಮೇಲೆ ಬೆನ್ನ ಹಿಂದೆ ಎಂಜಿನ್ ಕೇಳಿಸಿತು. ಆಗ ಅವನಿಗೆ ಹೊಳೆಯಿತು, ಇದನ್ನು ಯಾರೂ ಯೋಚಿಸಿರಲಿಲ್ಲ. ದಾರಿ ಒಂದೇ. ಬ್ಯಾಂಡನ್ನು ದಾಟಿ ಹೋಗಲು ಕಾರಿಗೆ ಜಾಗವಿಲ್ಲ. ಗೇಟಿನವರೆಗೆ ಮುನ್ನೂರು ಮೀಟರ್, ಮೂರೂವರೆ ನಿಮಿಷ, ವಂದನಾ ಮತ್ತು ಜಯಮ್ಮ ಕೂತ ಕಾರು ಈ ಸದ್ದಿನ ಹಿಂದೆ ತೆವಳಿಕೊಂಡೇ ಬರಬೇಕು. ಕಿಟಕಿ ಮುಚ್ಚಿದರೂ ದೊಡ್ಡ ಡ್ರಮ್ಮು ಒಳಗೆ ಕೇಳಿಸುತ್ತದೆ.

ನಿಲ್ಲಿಸುವಂತಿರಲಿಲ್ಲ. ಅವನು ನಿಲ್ಲಿಸಿದರೆ ಇಪ್ಪತ್ತೆರಡು ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆತುರ ಮಾಡುವಂತೆಯೂ ಇರಲಿಲ್ಲ. ಅವನ ಕೈ ಓಡಿದರೆ ಎಪ್ಪತ್ತು ದಾಟಿದವನ ಕಾಲು ಓಡಬೇಕು. ನೂರಿಪ್ಪತ್ತು ಅಂದರೆ ನೂರಿಪ್ಪತ್ತೇ. ಮೊದಲ ಭಾಗ, ಮತ್ತೆ ಮೊದಲ ಭಾಗ, ಆಮೇಲೆ ವಾದ್ಯಗಳೆಲ್ಲ ತಗ್ಗಿ ಬರೀ ಕಾರ್ನೆಟ್ಟು ಮತ್ತು ಸೈಡ್ ಡ್ರಮ್ ಉಳಿಯುವ ಭಾಗ. ತಿಪ್ಪೇಸ್ವಾಮಿ ಇಲ್ಲಿಗೆ ಬಂದಾಗ ಬೆತ್ತ ಹಿಡಿದು ನಿಲ್ಲುತ್ತಿದ್ದರು. ಇಲ್ಲಿ ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಧೀರಜ್ ತಪ್ಪಲಿಲ್ಲ. ಕಾರು ಒಮ್ಮೆಯೂ ಹಾರ್ನ್ ಮಾಡಲಿಲ್ಲ. ಅಷ್ಟೇ ದೂರದಲ್ಲಿ, ಅಷ್ಟೇ ವೇಗದಲ್ಲಿ ಹಿಂಬಾಲಿಸಿತು.

ಗೇಟಿನ ಹೊರಗೆ ಮುಂದಿನ ಹೆಣದ ಮನೆಯವರು ಕಪ್ಪು ಬಟ್ಟೆಯಲ್ಲಿ ಕಾಯುತ್ತಿದ್ದರು. ಅವರಲ್ಲೊಬ್ಬ ಮುದುಕ ಟೋಪಿ ತೆಗೆದ. ಬ್ಯಾಂಡು ಎಡಕ್ಕೆ ತಿರುಗಿ ಹುಲ್ಲಿಗೆ ಇಳಿಯಿತು, ಜಾಗದಲ್ಲೇ ಕಾಲು ಹಾಕುತ್ತಾ ಬಾರಿಸಿತು. ಕಾರು ಪಕ್ಕದಲ್ಲಿ ಬಂತು. ಹತ್ತಿರದ ಕಿಟಕಿಯಲ್ಲಿ ಜಯಮ್ಮ, ಕಣ್ಣು ಮುಚ್ಚಿ, ಎರಡೂ ಕಿವಿಗೆ ಸೆರಗು ಒತ್ತಿಕೊಂಡಿದ್ದರು. ಅವರಾಚೆ ವಂದನಾ. ನೇರ ಮುಂದಕ್ಕೆ ನೋಡುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ಟ್ಯೂನಿನ ಜೊತೆಗೋ, ಬೈಗುಳವೋ, ಅವನಿಗೆ ತಿಳಿಯಲಿಲ್ಲ. ಕಾರು ರಸ್ತೆಗೆ ಹತ್ತಿ ವೇಗ ಹಿಡಿಯಿತು. ಹಿಂದೆ ಹದಿಮೂರು ಕಾರು. ಕೇಶವಮೂರ್ತಿಯವರ ಕಾರು ದಾಟುವಾಗ ಅವರು ಕಿಟಕಿ ಇಳಿಸಿ ಏನನ್ನೋ ಕೂಗಿದರು. ಟ್ರಾಂಬೋನಿನ ಕೆಳಗೆ ಅದು ಮುಳುಗಿತು.

ಕೊನೆಯ ಕಾರು ಹೋದ ಮೇಲೆ ಹಳಬ ದೊಡ್ಡ ಡ್ರಮ್ಮಿನ ಮೇಲೆ ಎರಡು ಪೆಟ್ಟು ಬಿಗಿಯಾಗಿ ಹೊಡೆದ. ಮುಗಿಸಿ ಎಂಬ ಗುರುತು ಅದು. ಭಾಗದ ಕೊನೆಗೆ ಎಲ್ಲ ವಾದ್ಯಗಳೂ ಒಟ್ಟಿಗೆ ನಿಂತವು.

ಗ್ರೇಮ್ ಹತ್ತಿರ ಬಂದ. ಮೂಗು ಕೆಂಪಾಗಿತ್ತು, ಕಣ್ಣೂ ಕೆಂಪಾಗಿತ್ತು. "ಚೆನ್ನಾಗಿ ಬಾರಿಸಿದೆ," ಎಂದ. "ಕೊನೆಗೆ ಮನೆಯವರು ಒಪ್ಪಿದರಲ್ಲ. ಅವರಿಗೆ ಇಷ್ಟವಾಯಿತೇ?"

"ಇಲ್ಲ," ಎಂದ ಧೀರಜ್. "ಒಪ್ಪಲೂ ಇಲ್ಲ, ಇಷ್ಟವಾಗಲೂ ಇಲ್ಲ. ಅವನ ತಾಯಿ ಕಿವಿ ಮುಚ್ಚಿಕೊಂಡು ಹೋದರು. ಅವನ ಹೆಂಡತಿ ಇನ್ನು ನನ್ನನ್ನು ಮನೆಗೆ ಸೇರಿಸುವುದಿಲ್ಲ. ನಿನಗೂ ನಾನು ಸುಳ್ಳು ಹೇಳಿದ್ದೆ."

ಗ್ರೇಮ್ ಕೈ ಚಾಚಿ ತನ್ನ ಚಾಕು ವಾಪಸು ಕೇಳಿದ. ಧೀರಜ್ ಕೊಟ್ಟ. ಬಸ್ಸಿಗೆ ಹತ್ತಿ ಎಂದು ಗ್ರೇಮ್ ಎಲ್ಲರಿಗೂ ಕೂಗಿ ಹೇಳಿದ, ಮುಂದಿನ ಕಪ್ಪು ಕಾರು ಒಳಗೆ ಬರುತ್ತಿತ್ತು.